ವೈಟ್‌ಫೀಲ್ಡಿನ ಹೊಗೆ ರಾಯಚೂರಿನಲ್ಲಿ ಏಳುತ್ತದೆ

ಪೀಣ್ಯದಲ್ಲಿ ಒಂದು ಫೌಂಡ್ರಿಯ ಚಿಮಣಿಯಿಂದ ಕಪ್ಪು ಹೊಗೆ ಎದ್ದರೆ ಅಕ್ಕಪಕ್ಕದವರು ದೂರು ಬರೆಯುತ್ತಾರೆ, ಅಧಿಕಾರಿಗಳು ಬಂದು ನೋಟಿಸು ಅಂಟಿಸಿ ಹೋಗುತ್ತಾರೆ. ವೈಟ್‌ಫೀಲ್ಡಿನ ಹತ್ತು ಅಂತಸ್ತಿನ ಗಾಜಿನ ಕಟ್ಟಡದ ಮೇಲೆ ಅಂಥ ದೂರನ್ನು ಯಾರೂ ಬರೆಯುವುದಿಲ್ಲ. ಅದಕ್ಕೆ ಚಿಮಣಿಯೇ ಇಲ್ಲವಲ್ಲ! ಮುಂದೆ ಹುಲ್ಲುಹಾಸು, ಪಕ್ಕದಲ್ಲಿ ಕಾರಂಜಿ, ಸ್ವಾಗತದ ಮೇಜಿನ ಹಿಂದೆ ‘ಹಸಿರು ಕಟ್ಟಡ’ ಎಂಬ ಪ್ರಶಸ್ತಿಪತ್ರ. ನೋಡಿದವರಿಗೆ ಇದು ಶುದ್ಧ ಉದ್ಯಮ, ಅದು ಕೊಳಕು ಉದ್ಯಮ ಎನಿಸುವುದು ಸಹಜ. ಆದರೆ ವರ್ಷದ ವಿದ್ಯುತ್ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಲೆಕ್ಕ ತೆಗೆದರೆ, ಆ ಗಾಜಿನ ಕಟ್ಟಡದಿಂದಾಗಿ ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡು ಪೀಣ್ಯದಲ್ಲಿ ಲೇತು, ಮಿಲ್ಲಿಂಗ್ ಯಂತ್ರ ಇಟ್ಟುಕೊಂಡ ಹತ್ತಾರು ಸಣ್ಣ ಶೆಡ್ಡುಗಳದ್ದಕ್ಕಿಂತ ಕಡಿಮೆಯೇನಲ್ಲ. ಅದರ ಹೊಗೆ ಅಲ್ಲಿ ಏಳುವುದಿಲ್ಲ, ಬೇರೆಯವರ ಊರಿನಲ್ಲಿ ಏಳುತ್ತದೆ.

ಯಾರ ಊರಿನಲ್ಲಿ? ಈ ಪತ್ರಿಕೆ ಓದುವ ಶರಣ ಬಂಧುಗಳಲ್ಲಿ ಬಹಳ ಮಂದಿಯ ಊರಿನಲ್ಲಿ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಡದ ಮೇಲಿರುವ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ವಿದ್ಯುತ್ ಕೊಡತೊಡಗಿದ್ದು 1985ರಲ್ಲಿ. ಈಗ ಅದರ ಎಂಟು ಘಟಕಗಳ ಸಾಮರ್ಥ್ಯ 1,720 ಮೆಗಾವ್ಯಾಟ್. ಬಳ್ಳಾರಿಯ ಕುಡತಿನಿಯಲ್ಲಿ 1,700, ರಾಯಚೂರು ಪಕ್ಕದ ಯರಮರಸ್‌ನಲ್ಲಿ 1,600. (ಇವುಗಳನ್ನು ಕನ್ನಡದಲ್ಲಿ ವಿದ್ಯುತ್ ‘ಸ್ಥಾವರ’ ಎಂದು ಕರೆಯುತ್ತೇವೆ. ಹೆಸರಿಟ್ಟವರು ನಮ್ಮ ಸಾಹಿತ್ಯ ಓದಿದ್ದರೋ ಇಲ್ಲವೋ, ಹೆಸರು ಮಾತ್ರ ಸರಿಯಾಗಿ ಕೂತಿದೆ.) ಒಂದು ಯೂನಿಟ್ ವಿದ್ಯುತ್ತಿಗೆ ಅಲ್ಲಿ ಸುಮಾರು ಮುಕ್ಕಾಲು ಕೆಜಿ ಕಲ್ಲಿದ್ದಲು ಸುಡಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಪಾಲು ಬೂದಿಯೇ. ವಿದ್ಯುತ್ತು ತಂತಿ ಹಿಡಿದು ಬೆಂಗಳೂರಿಗೆ ಬರುತ್ತದೆ, ಬೂದಿ ಅಲ್ಲೇ ಉಳಿಯುತ್ತದೆ.

ಕಟ್ಟಡವನ್ನು ಬಳಸುವಾಗಿನ ಮಾತು ಇದು. ಕಟ್ಟುವಾಗಿನದ್ದೂ ಹೀಗೇ ಇದೆ. ಸಿಮೆಂಟಿನ ಕಾರ್ಖಾನೆಗಳಿರುವುದು ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿಗಳಲ್ಲಿ. ಉಕ್ಕು ಕರಗುವುದು ತೋರಣಗಲ್ಲಿನಲ್ಲಿ. ಸಿಮೆಂಟಿನ ವಿಷಯದಲ್ಲಿ ಒಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಗೂಡಿಗೆ ಸೌರಶಕ್ತಿಯನ್ನೇ ಬಳಸಿದರೂ ಅದರ ಅನಿಲ ನಿಲ್ಲುವುದಿಲ್ಲ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ ಕಲ್ಲಿನೊಳಗೇ ಅಡಗಿದ್ದ 44 ಕೆಜಿ ಇಂಗಾಲದ ಡೈಆಕ್ಸೈಡು ಬಿಡುಗಡೆಯಾಗುತ್ತದೆ. ಒಟ್ಟಾರೆ ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗೂ ಹೆಚ್ಚು, ಒಂದು ಟನ್ ಉಕ್ಕಿಗೆ ಎರಡು ಟನ್ನಿಗೂ ಹೆಚ್ಚು ಎಂದು ಇಟ್ಟುಕೊಳ್ಳಬಹುದು. ಜಗತ್ತಿನಲ್ಲಿ ಶಕ್ತಿಯ ಬಳಕೆಯಿಂದ, ಕಾರ್ಖಾನೆಗಳ ಪ್ರಕ್ರಿಯೆಗಳಿಂದ ಹೊರಬೀಳುವ ಇಂಗಾಲದಲ್ಲಿ ಕಟ್ಟಡ ಕಟ್ಟುವುದು ಮತ್ತು ಬಳಸುವುದು ಎರಡೂ ಸೇರಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿಗಳು ಹೇಳುತ್ತವೆ. ಬೆಂಗಳೂರು ಪಾಲಿಕೆ 2023ರ ನವೆಂಬರಿನಲ್ಲಿ ಹೊರತಂದ ಹವಾಮಾನ ಕ್ರಿಯಾ ಯೋಜನೆಯ ಪ್ರಕಾರವೂ ನಗರದ ಹಸಿರುಮನೆ ಅನಿಲಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದು ವಾಹನಗಳಿಂದ ಬರುವುದಲ್ಲ. ಅದು ಮನೆ, ಕಚೇರಿ, ಅಂಗಡಿ, ಕಾರ್ಖಾನೆಗಳ ಒಳಗೆ ಬಳಕೆಯಾಗುವ ವಿದ್ಯುತ್ತು ಮತ್ತು ಇಂಧನದಿಂದ ಬರುವುದು. ನಾವು ಮಾತ್ರ ಸಿಗ್ನಲ್ಲಿನಲ್ಲಿ ನಿಂತು ಮುಂದಿನ ಬಸ್ಸಿನ ಹೊಗೆಯನ್ನೇ ಬೈಯುತ್ತಿರುತ್ತೇವೆ.

ಸರ್ಕಾರದ ಎಂಜಿನಿಯರಾಗಿ ನನ್ನ ಸೇವೆಯ ಬಹುಪಾಲು ಕಳೆದದ್ದು ಕಟ್ಟಡಗಳ ತಾರಸಿ ಮತ್ತು ನೆಲಮಾಳಿಗೆಗಳಲ್ಲಿ. ಟ್ರಾನ್ಸ್‌ಫಾರ್ಮರ್ ಕೋಣೆ, ಜನರೇಟರ್ ಕೋಣೆ, ಪ್ಯಾನೆಲ್ ಬೋರ್ಡು, ಪಂಪು, ಲಿಫ್ಟು. ಕಟ್ಟಡದ ಮುಂಭಾಗ ಏನು ಹೇಳುತ್ತದೆ ಎಂಬುದಕ್ಕಿಂತ ಅದರ ಮೀಟರು ಏನು ಹೇಳುತ್ತದೆ ಎಂದು ನೋಡುವುದು ಆಗಿನಿಂದಲೇ ರೂಢಿ. ಆದ್ದರಿಂದ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಲಕ್ಷ ಚದರ ಅಡಿಯ ಕಚೇರಿ ಕಟ್ಟಡ ಎಂದರೆ ಸುಮಾರು 9,300 ಚದರ ಮೀಟರ್. ಪೂರ್ತಿ ಹವಾನಿಯಂತ್ರಿತ, ಪೂರ್ತಿ ಗಾಜು. ವರ್ಷಕ್ಕೆ ಚದರ ಮೀಟರಿಗೆ 200 ಯೂನಿಟ್ ಎಂದು ಹಿಡಿಯೋಣ. 18.6 ಲಕ್ಷ ಯೂನಿಟ್ ಆಯಿತು. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುವ ಲೆಕ್ಕದಂತೆ, ಜಲವಿದ್ಯುತ್ತು, ಸೌರ, ಗಾಳಿ ಎಲ್ಲವನ್ನೂ ಬೆರೆಸಿದ ಸರಾಸರಿಯಲ್ಲಿ ನಮ್ಮ ಜಾಲದ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡು. ಅಂದರೆ ಆ ಒಂದು ಕಟ್ಟಡಕ್ಕೆ ವರ್ಷಕ್ಕೆ 1,300 ಟನ್. ಅದೇ ಕಟ್ಟಡವನ್ನು ಬುದ್ಧಿಯಿಂದ ಕಟ್ಟಿ ಬುದ್ಧಿಯಿಂದ ನಡೆಸಿದರೆ 100 ಯೂನಿಟ್ಟಿಗೆ ಇಳಿಸುವುದು ಅಸಾಧ್ಯವಲ್ಲ. ಉಳಿದದ್ದು 650 ಟನ್. ಬೆಳೆದು ನಿಂತ ಒಂದು ಮರ ವರ್ಷಕ್ಕೆ 20 ಕೆಜಿಯಷ್ಟು ಹೀರಿಕೊಳ್ಳುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗಾದರೆ ಆ ಉಳಿತಾಯ 32,000 ಮರಗಳ ಕೆಲಸ. ಜೂನ್ 5ರಂದು ಅದೇ ಕಟ್ಟಡದ ಮುಂದೆ ನೂರು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಸಸಿ ನೆಡಲಿ, ಬೇಡವೆನ್ನುವುದಿಲ್ಲ.

ಇಷ್ಟು ವಿದ್ಯುತ್ತು ಯಾಕೆ ಬೇಕಾಗುತ್ತದೆ? ಕಂಪ್ಯೂಟರುಗಳಿಗೆ ಎಂದು ಜನ ತಿಳಿದಿದ್ದಾರೆ. ದೊಡ್ಡ ಪಾಲು ಹೋಗುವುದು ತಂಪು ಮಾಡುವುದಕ್ಕೆ. ಇದರಲ್ಲಿ ಬೆಂಗಳೂರಿನವರಾದ ನಮಗೆ ನಾಚಿಕೆಯಾಗಬೇಕಾದ ವಿಷಯವೊಂದಿದೆ. ದೇಶದ ಕಟ್ಟಡ ಸಂಹಿತೆ ಭಾರತವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಅದರಲ್ಲಿ ‘ಸಮಶೀತೋಷ್ಣ’ ಎಂಬ ವಲಯಕ್ಕೆ ಉದಾಹರಣೆ ಕೊಡುವಾಗ ಹೇಳುವ ಹೆಸರು ಬೆಂಗಳೂರು. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದ ಊರು. ಬಿರುಬೇಸಗೆಯಲ್ಲೂ ರಾತ್ರಿ ತಣ್ಣಗಾಗುವ ಊರು. ಈ ಊರಿನಲ್ಲಿ ನಾವು ಚಳಿದೇಶದವರು ಬಿಸಿಲನ್ನು ಒಳಗೆ ಹಿಡಿದಿಡಲು ಕಟ್ಟುವ ಗಾಜಿನ ಪೆಟ್ಟಿಗೆಯನ್ನು ತಂದು ನಿಲ್ಲಿಸಿದೆವು. ಕಿಟಕಿ ತೆರೆಯುವುದಿಲ್ಲ, ಸನ್‌ಶೇಡ್ ಇಲ್ಲ, ಪಶ್ಚಿಮಕ್ಕೆ ಪೂರ್ತಿ ಗಾಜು. ಮಧ್ಯಾಹ್ನ ಮೂರರ ಬಿಸಿಲು ಒಳಗೆ ನುಗ್ಗುತ್ತದೆ. ಅದನ್ನು ತಡೆಯಲು ಪರದೆ ಇಳಿಬಿಡುತ್ತಾರೆ. ಪರದೆ ಇಳಿದರೆ ಕತ್ತಲೆ, ಆಗ ದೀಪ ಹಾಕುತ್ತಾರೆ. ದೀಪದ ಶಾಖ, ಗಾಜಿನ ಶಾಖ ಎರಡನ್ನೂ ಹೊರಗೆ ಹಾಕಲು ಚಿಲ್ಲರು ಇನ್ನಷ್ಟು ದುಡಿಯುತ್ತದೆ. ಒಳಗಿನ ಹುಡುಗರು 21 ಡಿಗ್ರಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ಹೊರಗೆ ಗೇಟಿನ ಕಾವಲುಗಾರ ಚಿಲ್ಲರಿನ ಬಿಸಿಗಾಳಿಗೆ ಮುಖವೊಡ್ಡಿ ನಿಲ್ಲುತ್ತಾನೆ. ಅವನ ತಗಡಿನ ಪೆಟ್ಟಿಗೆಯಲ್ಲಿ ಒಂದು ಫ್ಯಾನು ಇದ್ದರೆ ಪುಣ್ಯ.

ಹೀಗಲ್ಲದೆ ಕಟ್ಟಲು ಬರುವುದಿಲ್ಲವೇ ಎಂದರೆ, ಬರುತ್ತದೆ. ಬೆಂಗಳೂರಿನಲ್ಲೇ ಉದಾಹರಣೆ ಇದೆ. ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಚೇರಿಯನ್ನು ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ್ದಾರೆ. ಅಲ್ಲಿನ ನಿವೇಶನದ ದಕ್ಷಿಣಕ್ಕೆ ಗಬ್ಬುನಾತದ ಚರಂಡಿ. ಗಾಳಿ ಬೀಸುವುದೂ ದಕ್ಷಿಣದಿಂದಲೇ. ಸಾಮಾನ್ಯ ಬಿಲ್ಡರ್ ಆಗಿದ್ದರೆ ನಾಲ್ಕೂ ಕಡೆ ಗಾಜು ಮುಚ್ಚಿ ಏಸಿ ಹಾಕಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಇಲ್ಲಿ ಹಾಗೆ ಮಾಡಲಿಲ್ಲ. ದಕ್ಷಿಣಕ್ಕೆ ಕಿಟಕಿಯಿಲ್ಲದ ಜೋಡಿ ಗೋಡೆ ಕಟ್ಟಿ, ಹೊರಮೈಗೆ ಕಪ್ಪು ಕಡಪ ಕಲ್ಲು ಹಾಕಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಎರಡು ಗೋಡೆಗಳ ನಡುವಿನ ಗಾಳಿ ಬಿಸಿಯಾಗಿ ಮೇಲಕ್ಕೇರುತ್ತದೆ. ಏರಿದ ಗಾಳಿಯ ಜಾಗಕ್ಕೆ ಉತ್ತರದ ತೋಟದ ಕಡೆಯಿಂದ ತಂಪು ಗಾಳಿ ಕಟ್ಟಡದ ಒಡಲನ್ನು ಹಾದು ಬರುತ್ತದೆ. ಚರಂಡಿಯ ನಾತವನ್ನು ಹೊತ್ತ ಗಾಳಿ ಇಳಿಜಾರು ಚಾವಣಿಯ ಮೇಲೆ ಹಾರಿಹೋಗುತ್ತದೆ. ಮೋಟಾರು ಇಲ್ಲ, ಅನಿಲ ಇಲ್ಲ. ಬಿಸಿಗಾಳಿ ಮೇಲೇರುತ್ತದೆ ಎಂಬ, ನಮ್ಮ ಅಜ್ಜಿಯರು ಅಡುಗೆಮನೆಯ ಗವಾಕ್ಷಿಯಿಂದ ಬಲ್ಲ ಸತ್ಯವನ್ನು ಒಬ್ಬರು ಗಂಭೀರವಾಗಿ ತೆಗೆದುಕೊಂಡರು, ಅಷ್ಟೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ವರ್ತುಲ ರಸ್ತೆಯುದ್ದಕ್ಕೂ ಎದ್ದ ಕಟ್ಟಡಗಳಲ್ಲಿ ಅದನ್ನು ಅನುಸರಿಸಿದವು ಎಷ್ಟು ಎಂದು ನೀವೇ ಬಸ್ಸಿನ ಕಿಟಕಿಯಿಂದ ನೋಡಿ.

ಯಾಕೆ ಅನುಸರಿಸಲಿಲ್ಲ ಎಂಬುದಕ್ಕೆ ಕಾರಣ ಅಜ್ಞಾನವಲ್ಲ, ಹಣದ ಹರಿವು. ಪೀಣ್ಯದ ಶೆಡ್ಡಿನ ಯಜಮಾನನನ್ನು ಕೇಳಿ, ಹೋದ ತಿಂಗಳು ಎಷ್ಟು ಯೂನಿಟ್ ಬಂತು ಎಂದು ಬಾಯಿತುದಿಯಲ್ಲಿ ಹೇಳುತ್ತಾನೆ. ಕಂಪ್ರೆಸರಿನ ಪೈಪಿನಲ್ಲಿ ಗಾಳಿ ಸೋರುವ ಸದ್ದು ಕೇಳಿದರೆ ಊಟದ ಹೊತ್ತಿನಲ್ಲೇ ಎದ್ದು ಹೋಗಿ ಬಿಗಿಮಾಡುತ್ತಾನೆ, ಬಿಲ್ಲು ಅವನ ಜೇಬಿನಿಂದ ಹೋಗುತ್ತದೆ. ವೈಟ್‌ಫೀಲ್ಡಿನಲ್ಲಿ ಕಟ್ಟಡ ಕಟ್ಟುವವನು ಒಬ್ಬ, ಬಾಡಿಗೆಗೆ ಬರುವ ಕಂಪನಿ ಇನ್ನೊಂದು, ಅದನ್ನು ನಡೆಸುವ ನಿರ್ವಹಣಾ ಗುತ್ತಿಗೆದಾರ ಮತ್ತೊಬ್ಬ. ಕಟ್ಟುವವನಿಗೆ ಬಿಲ್ಲು ಬರುವುದಿಲ್ಲ. ಆದ್ದರಿಂದ ಒಳ್ಳೆಯ ಗಾಜಿಗೆ, ದಪ್ಪ ಗೋಡೆಗೆ, ಮಿತ ವಿದ್ಯುತ್ತಿನ ಚಿಲ್ಲರಿಗೆ ಹೆಚ್ಚು ಹಣ ಹಾಕಲು ಅವನಿಗೆ ಕಾರಣವಿಲ್ಲ. ಬಾಡಿಗೆದಾರ ಬಿಲ್ಲು ಕಟ್ಟುತ್ತಾನೆ, ಆದರೆ ಐದು ವರ್ಷದ ಕರಾರಿನವನು ಬೇರೆಯವರ ಗೋಡೆಯನ್ನು ಯಾಕೆ ಸರಿಪಡಿಸಿಯಾನು? ಅಲ್ಲದೆ ಆ ಕಂಪನಿಗೆ ಸಂಬಳದ ಖರ್ಚಿನ ಮುಂದೆ ವಿದ್ಯುತ್ತಿನ ಖರ್ಚು ಹುಣಸೆಬೀಜ. ಗುತ್ತಿಗೆದಾರನಿಗೆ ಬೇಕಾದದ್ದು ದೂರು ಬಾರದಿರುವುದು. ಸೆಕೆ ಎಂದು ಒಬ್ಬ ದೂರಿದರೆ ತೊಂದರೆ, ಚಳಿ ಎಂದು ನೂರು ಜನ ಸ್ವೆಟರ್ ಹಾಕಿಕೊಂಡರೆ ತೊಂದರೆಯಿಲ್ಲ. ಹೀಗೆ ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದ್ದು, ಶಕ್ತಿನಗರದಲ್ಲಿ ಇನ್ನೊಂದು ರೈಲು ಕಲ್ಲಿದ್ದಲು ಇಳಿಯುತ್ತದೆ.

ಡೀಸೆಲ್ ಜನರೇಟರುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಲೀಟರ್ ಡೀಸೆಲ್ ಸುಟ್ಟರೆ 2.7 ಕೆಜಿ ಅನಿಲ ಎಂಬುದಷ್ಟೇ ಸಾಕು. ಆದರೆ ಏಸಿಯ ಒಳಗಿನ ಅನಿಲದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಳೆಯ ಏಸಿಗಳಲ್ಲಿರುವ ಆರ್-22 ಅನಿಲ ಒಂದು ಕೆಜಿ ಸೋರಿದರೆ 1,810 ಕೆಜಿ ಇಂಗಾಲದ ಡೈಆಕ್ಸೈಡು ಬಿಟ್ಟಷ್ಟು ಭೂಮಿ ಕಾಯುತ್ತದೆ. ಅಂದರೆ 2,500 ಯೂನಿಟ್ ವಿದ್ಯುತ್ತಿಗೆ ಸಮ. ಆರ್-410ಎಗೆ ಇದು 2,088, ಆರ್-32ಕ್ಕೆ 675. ‘ಗ್ಯಾಸ್ ತುಂಬಿಸಬೇಕು ಸಾರ್’ ಎಂದು ಬರುವ ಮೆಕ್ಯಾನಿಕ್ ಹಳೆಯ ಅನಿಲವನ್ನು ಗಾಳಿಗೆ ಬಿಟ್ಟು, ಹೊಸದನ್ನು ತುಂಬಿ, ಸೋರುವ ಜಾಗವನ್ನು ಹಾಗೇ ಬಿಟ್ಟು ಹೋಗುತ್ತಾನೆ. ಮುಂದಿನ ವರ್ಷ ಮತ್ತೆ ಬರುತ್ತಾನೆ. ಇವುಗಳಲ್ಲಿ ಆರ್-410ಎ, ಆರ್-32ರಂಥ ಅನಿಲಗಳನ್ನು ಹಂತಹಂತವಾಗಿ ಇಳಿಸುವ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಅಂಗೀಕಾರ ಕೊಟ್ಟಿದೆ. ಮೆಕ್ಯಾನಿಕ್‌ಗೆ ಅದರ ಸುದ್ದಿ ಮುಟ್ಟಿಸುವವರು ಬೇಕು.

ನೀರಿನದ್ದೂ ಒಂದು ಲೆಕ್ಕ ಉಂಟು. ಕಾವೇರಿ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ಏರಿ ಬರುತ್ತಾಳೆ. ಸಾವಿರ ಲೀಟರ್ ಎತ್ತಲು ಪಂಪಿನ ನಷ್ಟವೂ ಸೇರಿ ಎರಡು ಯೂನಿಟ್ ಹತ್ತಿರ ಬೇಕು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತದ 775 ದಶಲಕ್ಷ ಲೀಟರಿನಿಂದ ಮಹದೇವಪುರ ಕಡೆಯ ಹಳ್ಳಿಗಳಿಗೂ ನೀರು ಬಂತು, ಸಂತೋಷ. ಅದೇ ಪ್ರದೇಶದಲ್ಲಿ 500 ಟನ್ನಿನ ಒಂದು ಚಿಲ್ಲರಿನ ಶೀತಲ ಗೋಪುರ ಪೂರ್ಣ ಭಾರದಲ್ಲಿ ಗಂಟೆಗೆ 3,000 ಲೀಟರ್ ನೀರನ್ನು ಆವಿ ಮಾಡಿ ಆಕಾಶಕ್ಕೆ ಬಿಡುತ್ತದೆ. ಎರಡು ಗಂಟೆಗೆ ಒಂದು ಟ್ಯಾಂಕರ್. ಸಂಸ್ಕರಿಸಿದ ನೀರನ್ನು ಬಳಸುವ ಕಟ್ಟಡಗಳಿವೆ, ಅವರಿಗೆ ಶರಣು.

ಈಗ ಉತ್ತರ ಬರುತ್ತದೆ: ‘ನಾವು ಸೌರ ವಿದ್ಯುತ್ತನ್ನೇ ಕೊಳ್ಳುತ್ತೇವೆ, ನಮ್ಮ ಕಟ್ಟಡದ ಇಂಗಾಲ ಸೊನ್ನೆ.’ ಈ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಈ ವಿಷಯದಲ್ಲಿ ಮಾಡಿದ ಕೆಲಸವನ್ನು ಎಂಜಿನಿಯರನಾಗಿ ಮೆಚ್ಚಲೇಬೇಕು. ಹೈದರಾಬಾದಿನಲ್ಲಿ ಒಂದೇ ಕಟ್ಟಡವನ್ನು ಎರಡು ಸಮಭಾಗ ಮಾಡಿ, ಒಂದರಲ್ಲಿ ಎಂದಿನ ಏಸಿ, ಇನ್ನೊಂದರಲ್ಲಿ ಚಾವಣಿಯ ಕಾಂಕ್ರೀಟಿನೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸುವ ವ್ಯವಸ್ಥೆ ಮಾಡಿದರು. ಎರಡಕ್ಕೂ ಬೇರೆ ಬೇರೆ ಮೀಟರಿಟ್ಟು, ಎರಡನೆಯದು ಮೂರನೇ ಒಂದು ಪಾಲು ಕಡಿಮೆ ವಿದ್ಯುತ್ ಬಳಸಿತು ಎಂದು ಅಂಕಿ ಸಮೇತ ಪ್ರಕಟಿಸಿದರು. ಮೊದಲು ಬಳಕೆ ಇಳಿಸಿ, ಆಮೇಲೆ ಉಳಿದದ್ದಕ್ಕೆ ಸೌರ ವಿದ್ಯುತ್ ಕೊಂಡರೆ ಅದು ಸರಿಯಾದ ಕ್ರಮ. ಬಳಕೆ ಇಳಿಸದೆ ಬರೀ ಕೊಳ್ಳುವವರದ್ದು ಬೇರೆ ಕಥೆ. ಪಾವಗಡದ ಸೌರ ಉದ್ಯಾನ 2,050 ಮೆಗಾವ್ಯಾಟಿನದ್ದು, 13,000 ಎಕರೆ ರೈತರ ಭೂಮಿ ಗುತ್ತಿಗೆಗೆ ಹೋಗಿದೆ. ಆದರೆ ಸೂರ್ಯ ಮುಳುಗಿದ ಮೇಲೆ ಪಾವಗಡ ಕತ್ತಲು. ವೈಟ್‌ಫೀಲ್ಡಿನಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡು ಕೆಲಸ ಶುರುವಾಗುವುದೇ ಆ ಹೊತ್ತಿಗೆ. ಹೊಸದಾಗಿ ಏಳುತ್ತಿರುವ ದತ್ತಾಂಶ ಕೇಂದ್ರಗಳಿಗಂತೂ ಹಗಲು ರಾತ್ರಿ ಎಂಬುದೇ ಇಲ್ಲ. ವರ್ಷದ ಕೊನೆಗೆ ಕೂಡಿ ಕಳೆದು ಸೊನ್ನೆ ತೋರಿಸಬಹುದು, ಆದರೆ ರಾತ್ರಿ ಹತ್ತು ಗಂಟೆಗೆ ಆ ಕಟ್ಟಡವನ್ನು ಉರಿಸುವುದು ಶರಾವತಿಯ ನೀರೋ ರಾಯಚೂರಿನ ಕಲ್ಲಿದ್ದಲೋ ಆಗಿರುತ್ತದೆ. ಜಾಲದಲ್ಲಿ ಯಾವ ಯೂನಿಟ್ ಎಲ್ಲಿಂದ ಬಂತು ಎಂದು ಹಣೆಪಟ್ಟಿ ಅಂಟಿಸಲಾಗದು, ನಿಜ. ಆದರೂ ಸಂಜೆಯ ಬೇಡಿಕೆ ಏರಿದಷ್ಟೂ ಅದಕ್ಕಾಗಿ ಹೊಸ ಯೋಜನೆಗಳು ಹುಟ್ಟುತ್ತವೆ. ಶರಾವತಿ ಕಣಿವೆಯ ಅಭಯಾರಣ್ಯದಲ್ಲಿ 2,000 ಮೆಗಾವ್ಯಾಟಿನ ಭೂಗತ ಯೋಜನೆಗೆ ಕೊಡುತ್ತಿರುವ ಕಾರಣ ಇದೇ ಸಂಜೆಯ ಬೇಡಿಕೆ. ಲಿಂಗನಮಕ್ಕಿಯಲ್ಲಿ ಮನೆ ಮುಳುಗಿಸಿಕೊಂಡವರ ಮೊಮ್ಮಕ್ಕಳು ಮತ್ತೆ ಅರ್ಜಿ ಹಿಡಿದು ನಿಂತಿದ್ದಾರೆ.

ಕಾನೂನು ಇಲ್ಲವೇ? ಇದೆ. 2001ರ ಶಕ್ತಿ ಸಂರಕ್ಷಣಾ ಕಾಯ್ದೆ, 2007ರ ಕಟ್ಟಡ ಸಂಹಿತೆ, 2017ರ ಪರಿಷ್ಕರಣೆ, 2022ರ ತಿದ್ದುಪಡಿ. 100 ಕಿಲೋವ್ಯಾಟ್ ಲೋಡು ಅಥವಾ 120 ಕೆವಿಎ ಬೇಡಿಕೆ ದಾಟಿದ ಕಟ್ಟಡಗಳಿಗೆ ಇದು ಅನ್ವಯ. ಸಂಹಿತೆಯಲ್ಲಿ ಗಾಜಿನ ಪ್ರಮಾಣಕ್ಕೆ ಮಿತಿ ಇದೆ, ಗೋಡೆ ಚಾವಣಿಗೆ ಅಳತೆ ಇದೆ. ಆದರೆ ಇದೆಲ್ಲ ನಕ್ಷೆಯ ಹಂತದ ಮಾತು. ಕಟ್ಟಡ ಬಳಕೆಗೆ ಬಂದ ಮೇಲೆ ನಿಜವಾಗಿ ಎಷ್ಟು ಉಣ್ಣುತ್ತಿದೆ ಎಂದು ಸಾರ್ವಜನಿಕವಾಗಿ ಹೇಳಬೇಕಾದ ಕಟ್ಟು ಅದರ ಯಜಮಾನನಿಗಿಲ್ಲ. ಷೇರುಪೇಟೆಯ ದೊಡ್ಡ ಸಾವಿರ ಕಂಪನಿಗಳು ವಾರ್ಷಿಕ ವರದಿಯಲ್ಲಿ ತಮ್ಮ ಒಟ್ಟು ಶಕ್ತಿಬಳಕೆ ಬರೆಯಬೇಕು ಎಂಬ ಸೆಬಿ ನಿಯಮವೇನೋ ಬಂದಿದೆ. ಕಂಪನಿಯ ಒಟ್ಟು ಲೆಕ್ಕದಿಂದ ನಮ್ಮ ಬೀದಿಯ ಕಟ್ಟಡದ ಲೆಕ್ಕ ತಿಳಿಯುವುದಿಲ್ಲ.

ನ್ಯೂಯಾರ್ಕ್ ನಗರ ಏನು ಮಾಡಿತು ನೋಡಿ. ಅಲ್ಲಿ ನಗರದ ಅನಿಲದಲ್ಲಿ ಮೂರನೇ ಎರಡು ಪಾಲು ಕಟ್ಟಡಗಳದ್ದೇ. 25,000 ಚದರ ಅಡಿ ಮೀರಿದ ಕಟ್ಟಡಗಳು ತಮ್ಮ ಶಕ್ತಿಯ ಶ್ರೇಣಿಯನ್ನು ಶಾಲೆಯ ಅಂಕಪಟ್ಟಿಯಂತೆ ಎ, ಬಿ, ಸಿ, ಡಿ ಎಂದು ಮುಂಬಾಗಿಲಲ್ಲೇ ಅಂಟಿಸಬೇಕು. 2019ರ ಇನ್ನೊಂದು ಕಾನೂನಿನಂತೆ 2024ರಿಂದ ಅನಿಲಕ್ಕೆ ಮಿತಿ ಹಾಕಿ, ಮೀರಿದ ಪ್ರತಿ ಟನ್ನಿಗೆ 268 ಡಾಲರ್ ದಂಡ ಗೊತ್ತುಮಾಡಿದರು. ಟೋಕಿಯೊ ಅದಕ್ಕೂ ಮೊದಲೇ, 2010ರಲ್ಲಿ, ತನ್ನ ಸಾವಿರದ ಮುನ್ನೂರರಷ್ಟು ದೊಡ್ಡ ಕಟ್ಟಡ ಕಾರ್ಖಾನೆಗಳಿಗೆ ಮಿತಿ ಹಾಕಿತು. ಕಚೇರಿಗಳಿಗೆ ಕೊಟ್ಟ ಮೊದಲ ಗುರಿ ನೂರಕ್ಕೆ 8. ಐದು ವರ್ಷದಲ್ಲಿ ಒಟ್ಟು ಇಳಿಕೆ ನೂರಕ್ಕೆ 25 ಆಗಿತ್ತು. ಅಳೆದು ತೋರಿಸಬೇಕು ಎಂದಾಗ ಜನ ಅಳತೆಗಿಂತ ಮುಂದೆ ಹೋದರು.

ನಮ್ಮಲ್ಲಿ ಇದು ನಡೆಯದು ಎನ್ನುವವರಿಗೆ ಬೆಂಗಳೂರಿನದ್ದೇ ಸಾಕ್ಷಿ ಕೊಡುತ್ತೇನೆ. 2007ರಲ್ಲಿ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಇದ್ದರೇ ವಿದ್ಯುತ್ ಸಂಪರ್ಕ ಎಂಬ ನಿಯಮ ಬಂತು. ಜೊತೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ. ಇಂದು ವಿಮಾನದಿಂದ ನೋಡಿದರೂ ಬೆಂಗಳೂರಿನ ತಾರಸಿಗಳ ಮೇಲೆ ಆ ತೊಟ್ಟಿಗಳ ಸಾಲು ಕಾಣುತ್ತದೆ. ಯಾವ ಭಾಷಣವೂ ಮಾಡದ ಕೆಲಸವನ್ನು ಒಂದು ಸಂಪರ್ಕದ ಷರತ್ತು ಮಾಡಿತು. ಹಾಗೆಯೇ, 100 ಕಿಲೋವ್ಯಾಟ್ ದಾಟಿದ ಪ್ರತಿ ಕಟ್ಟಡವೂ ವರ್ಷಕ್ಕೊಮ್ಮೆ ಚದರ ಮೀಟರಿಗೆ ಎಷ್ಟು ಯೂನಿಟ್ ಎಂಬ ಒಂದೇ ಒಂದು ಅಂಕಿಯನ್ನು ಗೇಟಿನ ಮುಂದೆ ಬರೆದು ಹಾಕಬೇಕು, ಹಾಕದಿದ್ದರೆ ಸಂಪರ್ಕದ ನವೀಕರಣಕ್ಕೆ ತೊಡಕು ಎಂದು ಮಾಡಿದರೆ ಸಾಕು. ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಟೌನ್‌ಶಿಪ್ ಪ್ರಾಧಿಕಾರ ಇದೆ, ಅದು ನಾಳೆಯೇ ಶುರುಮಾಡಬಹುದು.

ಇದನ್ನೆಲ್ಲ ಈ ಪತ್ರಿಕೆಗೆ ಯಾಕೆ ಬರೆದೆ ಎಂದು ಕೆಲವರು ಕೇಳಬಹುದು. ಬಂಧುಗಳೆ, ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿ ಕೆಲವು ನಮ್ಮವೂ ಹೌದು. ಮಠಗಳ, ಸಮುದಾಯದ ಟ್ರಸ್ಟುಗಳ ಎಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ, ಪ್ರಸಾದ ನಿಲಯ, ಕಲ್ಯಾಣ ಮಂಟಪ. 100 ಕಿಲೋವ್ಯಾಟ್ ಗೆರೆಯನ್ನು ಇವುಗಳಲ್ಲಿ ಹಲವು ಆರಾಮವಾಗಿ ದಾಟುತ್ತವೆ. ಹೊಸದಾಗಿ ಕಟ್ಟುತ್ತಿರುವವುಗಳಲ್ಲಿ ಗಾಜಿನ ಮುಖ ಇಣುಕತೊಡಗಿದೆ. ಪೀಣ್ಯ ಕಡೆಯ ಒಂದು ಸಮುದಾಯ ಭವನದ ಸಮಿತಿಯವರು ನವೀಕರಣದ ಸಲಹೆಗೆ ನನ್ನನ್ನು ಕರೆದಿದ್ದರು. ಇಡೀ ಭವನಕ್ಕೆ, ಊಟದ ಹಾಲಿಗೂ ಸೇರಿ, ಏಸಿ ಹಾಕುವ ಯೋಚನೆ. ಬೇಕೇ ಎಂದು ಕೇಳಿದೆ. ಕಾರ್ಯದರ್ಶಿಗಳು, ‘ಸಾರ್, ಏಸಿ ಇಲ್ಲ ಅಂದ್ರೆ ಮದುವೆ ಬುಕ್ ಆಗಲ್ಲ, ಪಕ್ಕದ ಹಾಲ್‌ಗೆ ಹೋಗ್ತಾರೆ. ಆ ಬಾಡಿಗೇಲೇ ಅಲ್ವೇ ನಾವು ಮಕ್ಕಳನ್ನ ಓದಿಸ್ತಿರೋದು?’ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆ ಬಾಡಿಗೆ ಹಣ ನಿಜವಾಗಿಯೂ ಬಡ ಮಕ್ಕಳ ಶುಲ್ಕಕ್ಕೆ ಹೋಗುತ್ತದೆ. ಆದರೂ ಸಾವಿರ ಜನ ಒಳಹೊರಗೆ ಓಡಾಡುವ, ಬಾಗಿಲು ಮುಚ್ಚಲೇ ಆಗದ ಊಟದ ಹಾಲನ್ನು ಏಸಿಯಿಂದ ತಣ್ಣಗಿಡುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ. ಅಲ್ಲಿ ಎತ್ತರದ ಗವಾಕ್ಷಿ, ಬಿಳಿ ಬಣ್ಣದ ತಾರಸಿ, ಒಳ್ಳೆಯ ಫ್ಯಾನುಗಳು ಸಾಕು. ಮುಖ್ಯ ಸಭಾಂಗಣಕ್ಕೆ ಏಸಿ ಇರಲಿ, 25 ಡಿಗ್ರಿಗೆ ಇಡಿ, ಜೊತೆಗೆ ಫ್ಯಾನು ತಿರುಗಲಿ. ಒಂದು ಡಿಗ್ರಿ ಏರಿಸಿದರೆ ವಿದ್ಯುತ್ತು ನೂರಕ್ಕೆ ಆರರಷ್ಟು ಉಳಿಯುತ್ತದೆ ಎಂಬುದು ಕೇಂದ್ರದ ಶಕ್ತಿ ದಕ್ಷತಾ ಬ್ಯೂರೋದ ಲೆಕ್ಕ. ರೇಷ್ಮೆ ಸೀರೆಯವರಿಗೂ ಅಷ್ಟು ಸಾಕಾಗುತ್ತದೆ.

ಅದೇ ಭವನಕ್ಕೆ ಮಂಜೂರಾದ ಲೋಡು ನೋಡಿದೆ. ವರ್ಷದಲ್ಲಿ ಎರಡೇ ತಿಂಗಳು ಕಾಣುವ ಬೇಡಿಕೆಗೆ ಇಡೀ ವರ್ಷ ನಿಗದಿತ ಶುಲ್ಕ. 250 ಕೆವಿಎ ಟ್ರಾನ್ಸ್‌ಫಾರ್ಮರು ಭವನ ಖಾಲಿ ಇರುವಾಗಲೂ ಅರ್ಧ ಕಿಲೋವ್ಯಾಟಿನಷ್ಟು ಉಣ್ಣುತ್ತಲೇ ಇರುತ್ತದೆ, ವರ್ಷಕ್ಕೆ 4,000 ಯೂನಿಟ್ಟಿಗೂ ಮೇಲೆ. ಬೇಕಾದುದಕ್ಕಿಂತ ಹೆಚ್ಚಾಗಿ ಆರಿಸಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪಟ ಆ ಭವನದ ಗೋಡೆಯ ಮೇಲೇ ಇದೆ.

ಪ್ರಸಾದ ನಿಲಯಗಳಲ್ಲಿ ಕೆಲಸ ಇನ್ನೂ ಸುಲಭ. 200 ಫ್ಯಾನುಗಳಿರುವ ನಿಲಯ ಎಂದುಕೊಳ್ಳಿ. ಹಳೆಯ ಫ್ಯಾನು 75 ವ್ಯಾಟ್, ಈಗ ಬರುವ ಬಿಎಲ್‌ಡಿಸಿ ಫ್ಯಾನು 30-35. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಎಂದರೆ 28,800 ಯೂನಿಟ್ ಉಳಿತಾಯ, 20 ಟನ್ ಅನಿಲ ಕಡಿಮೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 2.3 ಲಕ್ಷ. ಫ್ಯಾನಿಗೆ 3,000 ಹಿಡಿದರೆ ಹಾಕಿದ ಹಣ ಮೂರು ವರ್ಷದೊಳಗೆ ವಾಪಸು. ಹೊಸದಾಗಿ ಕಟ್ಟುವವರು ಭಾರತೀಯ ವಿಜ್ಞಾನ ಸಂಸ್ಥೆಯತ್ತ ಒಮ್ಮೆ ನೋಡಬೇಕು. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಅಲ್ಲಿ ‘ಅಸ್ತ್ರ’ ಕೇಂದ್ರ ಆರಂಭಿಸಿದರು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ದುಡಿದರು. ಸುಟ್ಟ ಇಟ್ಟಿಗೆಗೆ ಬೇಕಾದ ಶಕ್ತಿಯಲ್ಲಿ ಅದಕ್ಕೆ ಕಾಲು ಪಾಲು ಸಾಕು. ಎರಡು ಮೂರು ಅಂತಸ್ತಿನ ನಿಲಯಕ್ಕೆ ಕಾಂಕ್ರೀಟು ಕಂಬಗಳ ಕಾಡೇ ಬೇಕಿಲ್ಲ, ಗೋಡೆಯೇ ಭಾರ ಹೊರುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸರ್ಕಾರ ಗೇಟಿಗೆ ಫಲಕ ಹಾಕಿಸುವವರೆಗೆ ನಾವು ಕಾಯುವುದು ಬೇಡ. ಬೆಂಗಳೂರು ಸುತ್ತಲಿನ ನಮ್ಮ ಸಂಸ್ಥೆಗಳ ಕಾರ್ಯದರ್ಶಿಗಳು ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ತೆಗೆದು ಯೂನಿಟ್ಟುಗಳನ್ನು ಕೂಡಲಿ, ಜನರೇಟರಿಗೆ ಹಾಕಿಸಿದ ಡೀಸೆಲ್ ಲೀಟರುಗಳನ್ನು ಪಕ್ಕದಲ್ಲಿ ಬರೆಯಲಿ, ಏಸಿಗೆ ತುಂಬಿಸಿದ ಅನಿಲ ಎಷ್ಟು ಕೆಜಿ ಎಂದು ಮೆಕ್ಯಾನಿಕ್‌ನ ರಸೀದಿ ನೋಡಲಿ. ಕಟ್ಟಡದ ಚದರ ಅಡಿಯನ್ನು 10.76ರಿಂದ ಭಾಗಿಸಿದರೆ ಚದರ ಮೀಟರ್ ಬರುತ್ತದೆ. ಯೂನಿಟ್ಟನ್ನು ಅದರಿಂದ ಭಾಗಿಸಿ ಬಂದ ಅಂಕಿಯನ್ನು ಮೊದಲು ತಮ್ಮ ನೋಟಿಸ್ ಬೋರ್ಡಿನಲ್ಲಿ ಹಾಕಲಿ. ಸಂಪಾದಕರು ಅರ್ಧ ಪುಟ ಬಿಟ್ಟುಕೊಟ್ಟರೆ ಇಲ್ಲಿಯೂ ಪ್ರಕಟವಾಗಲಿ, ಹೆಚ್ಚಿದ್ದವರದ್ದೂ ಕಡಿಮೆ ಇದ್ದವರದ್ದೂ. ಲೆಕ್ಕ ಹಾಕುವುದರಲ್ಲಿ ತೊಡಕಾದರೆ ಬಿಲ್ಲುಗಳ ಜೆರಾಕ್ಸ್ ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನಾನು ಕೂತು ಮಾಡಿಕೊಡುತ್ತೇನೆ. ನಿವೃತ್ತನಿಗೆ ಬೆಳಗಿನ ಹೊತ್ತು ಬೇಕಾದಷ್ಟಿದೆ.